ಪಾವಗಡದ ಬಯಲಿನಲ್ಲಿ ರಾತ್ರಿಯ ಆಕಾಶದ ಫೋಟೋ: ಹೊಸಬರು ತಿಳಿದಿರಬೇಕಾದದ್ದು

ರಾತ್ರಿಯ ಆಕಾಶದ ಫೋಟೋ ತೆಗೆಯಬೇಕೆಂದರೆ ಲಡಾಖ್‌ನ ಹಾನ್ಲೆಗೋ ರಾಜಸ್ಥಾನದ ಥಾರ್ ಮರುಭೂಮಿಗೋ ಹೋಗಲೇಬೇಕು ಎಂಬ ನಂಬಿಕೆ ಹೊಸಬರಲ್ಲಿ ಬಲವಾಗಿದೆ. ಹಾನ್ಲೆಯ ಆಕಾಶ ಅಪರೂಪದ್ದೆಂಬುದು ನಿಜ. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಆ ಶೀತ ಮರುಭೂಮಿಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ದೂರದಿಂದಲೇ ನಡೆಸುವ ಕೇಂದ್ರವಿರುವುದು ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ದಾರಿಯ ಹೊಸಕೋಟೆಯಲ್ಲಿ. 2022ರಲ್ಲಿ ಹಾನ್ಲೆಯ ಸುತ್ತಲ ಪ್ರದೇಶವನ್ನು ದೇಶದ ಮೊದಲ ಕಗ್ಗತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆದರೆ ಕ್ಯಾಮೆರಾದ ಗುಂಡಿಗಳು ಕತ್ತಲಲ್ಲಿ ಬೆರಳಿಗೆ ಸಿಗದವರು ಅಷ್ಟು ದೂರ ಹೋಗಿ, ತೆಳು ಗಾಳಿಯಲ್ಲಿ ಏದುಸಿರು ಬಿಡುತ್ತಾ, ಮೊದಲ ಪಾಠವನ್ನು ಅಲ್ಲಿ ಕಲಿಯುವುದು ದುಬಾರಿಯ ದಾರಿ. ಮೊದಲ ಹತ್ತು ರಾತ್ರಿಗಳನ್ನು ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಬಯಲಿನಲ್ಲಿಯೇ ಕಳೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಬಯಲಿಗೆ ಇನ್ನೊಂದು ಅನುಕೂಲವೂ ಇದೆ. ಆಕಾಶಗಂಗೆಯ ಅತ್ಯಂತ ಪ್ರಕಾಶಮಾನವಾದ ನಡುಭಾಗವು ದಕ್ಷಿಣದ ಆಕಾಶದಲ್ಲಿ, ವೃಶ್ಚಿಕದ ಬಾಲದ ತುದಿಯಲ್ಲಿರುವ ಮೂಲಾ ನಕ್ಷತ್ರದ ಪಕ್ಕದಲ್ಲಿ, ಧನು ರಾಶಿಯ ಕಡೆಗೆ ಇದೆ. ನಾವು ದಕ್ಷಿಣಕ್ಕೆ ಹೋದಷ್ಟೂ ಅದು ಮೇಲೇರಿ ಕಾಣುತ್ತದೆ. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದ ಪಾವಗಡದಲ್ಲಿ ಅದು ದಿಗಂತದಿಂದ 47 ಡಿಗ್ರಿಯವರೆಗೆ ಏರಿದರೆ, ಹಾನ್ಲೆಯಲ್ಲಿ 28 ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ. ಎಂದರೆ ಕತ್ತಲೆ ಅಲ್ಲಿ ಹೆಚ್ಚಿದ್ದರೂ ಎತ್ತರ ಇಲ್ಲಿ ಹೆಚ್ಚು.

ಕ್ಯಾಮೆರಾ, ಲೆನ್ಸ್, ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಹೊಂದಾಣಿಕೆ) ಇವುಗಳ ಚರ್ಚೆಗೆ ಮೊದಲು ರಾತ್ರಿಯನ್ನು ಆರಿಸಿಕೊಳ್ಳುವುದನ್ನು ಕಲಿಯಬೇಕು. ಇದಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರ್ ಅಥವಾ ಮನೆಯಲ್ಲಿರುವ ಪಂಚಾಂಗವೇ ಸಾಕು. ಆಕಾಶಗಂಗೆಯ ನಡುಭಾಗ ಮಾರ್ಚ್ ಮಧ್ಯದಲ್ಲಿ ರಾತ್ರಿ ಸುಮಾರು 1 ಗಂಟೆಗೆ, ಏಪ್ರಿಲ್ ಮಧ್ಯದಲ್ಲಿ 11 ಗಂಟೆಗೆ, ಮೇ ಮಧ್ಯದಲ್ಲಿ 9 ಗಂಟೆಗೆ ಆಗ್ನೇಯದಲ್ಲಿ ಹುಟ್ಟುತ್ತದೆ. ತಿಂಗಳಿಗೆ 2 ಗಂಟೆಯಂತೆ ಅದರ ಉದಯ ಮುಂಚಿತವಾಗುತ್ತಾ ಹೋಗುತ್ತದೆ. ಜೂನ್‌ನಿಂದ ಮೋಡದ ಕಾಲ. ಅಕ್ಟೋಬರ್‌ನಲ್ಲಿ ಹಿಂಗಾರಿನ ನಡುವೆ ಆಕಾಶ ತೆರವಾದರೆ, ಕತ್ತಲಾದ ಕೂಡಲೇ ನೈಋತ್ಯದಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿ ಸಿಕ್ಕಿ, ರಾತ್ರಿ 10ರ ಹೊತ್ತಿಗೆ ಮುಳುಗಿಬಿಡುತ್ತದೆ. ಇವೆಲ್ಲವನ್ನೂ ಚಂದ್ರನ ಲೆಕ್ಕದೊಂದಿಗೆ ಹೊಂದಿಸಿದರೆ, ನಮ್ಮ ಕಡೆಯವರಿಗೆ ವರ್ಷದ ಅತ್ಯುತ್ತಮ ರಾತ್ರಿ ಯುಗಾದಿಯ ಹಿಂದಿನ ಅಮಾವಾಸ್ಯೆ. ಆಗ ಮೋಡ ಕಡಿಮೆ, ಚಂದ್ರನಿಲ್ಲ, ನಡುರಾತ್ರಿ ಕಳೆದ ಮೇಲೆ ಆಕಾಶಗಂಗೆ ಮೇಲೇರುತ್ತದೆ. ಶಿವರಾತ್ರಿಯೂ ಒಳ್ಳೆಯದೇ, ಕೃಷ್ಣ ಚತುರ್ದಶಿಯ ಸಣ್ಣ ಚಂದ್ರ ಹುಟ್ಟುವುದು ಬೆಳಗಾಗುವ ಹೊತ್ತಿಗೆ, ಜೊತೆಗೆ ಅಂದು ಊರೇ ಎಚ್ಚರವಾಗಿರುತ್ತದೆ. ದೀಪಾವಳಿಯ ಅಮಾವಾಸ್ಯೆಯನ್ನು ಮಾತ್ರ ಬಿಟ್ಟುಬಿಡಿ, ಪಟಾಕಿಯ ಹೊಗೆ ಬಯಲಿನ ಮೇಲೆ ಬಹಳ ಹೊತ್ತು ನಿಲ್ಲುತ್ತದೆ.

ಅಮಾವಾಸ್ಯೆಯ ದಿನವೇ ಬಿಡುವಾಗಬೇಕೆಂದಿಲ್ಲ. ಬೆಳಗಿನ ಜಾವದಲ್ಲಿ ಫೋಟೋ ತೆಗೆಯುವವರಿಗೆ ಶುಕ್ಲಪಕ್ಷದ ಮೊದಲರ್ಧ ಪೂರ್ತಿ ಬಳಕೆಗೆ ಬರುತ್ತದೆ, ಏಕೆಂದರೆ ಅಷ್ಟಮಿಯ ಚಂದ್ರನೂ ನಡುರಾತ್ರಿಯ ಹೊತ್ತಿಗೆ ಮುಳುಗಿರುತ್ತಾನೆ. ಸಂಜೆಯ ಆಕಾಶವನ್ನು ಹಿಡಿಯುವವರಿಗೆ ಕೃಷ್ಣಪಕ್ಷದ ಎರಡನೆಯ ಅರ್ಧ ಅನುಕೂಲ. ಸೂರ್ಯ ಮುಳುಗಿದ ಕೂಡಲೇ ಕತ್ತಲಾಯಿತೆಂದು ಭಾವಿಸಬಾರದು. ಸೂರ್ಯನು ದಿಗಂತದಿಂದ 18 ಡಿಗ್ರಿ ಕೆಳಗಿಳಿಯುವವರೆಗೆ ಆಕಾಶದಲ್ಲಿ ಬೆಳಕಿನ ಅಂಶ ಉಳಿದಿರುತ್ತದೆ, ನಮ್ಮಲ್ಲಿ ಅದಕ್ಕೆ ಸುಮಾರು ಒಂದೂಕಾಲು ಗಂಟೆ ಹಿಡಿಯುತ್ತದೆ.

ರಾತ್ರಿ ನಿಶ್ಚಯವಾದ ಮೇಲೆ ದಿಕ್ಕು. ಇದನ್ನು ಹೊಸಬರು ಬಹುತೇಕ ಮರೆಯುತ್ತಾರೆ. ನಿಂತ ಜಾಗ ಕತ್ತಲಾಗಿದ್ದರೆ ಸಾಲದು, ಕ್ಯಾಮೆರಾ ನೋಡುವ ಕಡೆ ಪಟ್ಟಣವಿರಬಾರದು. ಗುಡಿಬಂಡೆ, ಬಾಗೇಪಲ್ಲಿಗಳ ಕಡೆ ನಿಂತವರಿಗೆ ಬೆಂಗಳೂರು ಮತ್ತು ಚಿಕ್ಕಬಳ್ಳಾಪುರಗಳ ಬೆಳಕು ನೇರ ದಕ್ಷಿಣದಲ್ಲಿ, ಆಕಾಶಗಂಗೆಯ ನಡುಭಾಗ ಅತಿ ಎತ್ತರಕ್ಕೆ ಬರುವ ಜಾಗದ ಕೆಳಗೇ ಹರಡಿಕೊಂಡಿರುತ್ತದೆ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯವರಿಗೆ ಬೆಂಗಳೂರು ಪಶ್ಚಿಮಕ್ಕೆ ಬೀಳುವುದರಿಂದ ಬೆಳಗಿನ ಜಾವದ ಆಗ್ನೇಯದ ಆಕಾಶ ಅವರಿಗೆ ಒಳ್ಳೆಯದು, ಅಕ್ಟೋಬರ್‌ನ ಸಂಜೆಯ ಆಕಾಶ ಅಷ್ಟು ಒಳ್ಳೆಯದಲ್ಲ. ಆಂಧ್ರಪ್ರದೇಶ ಬಹುಪಾಲು ಸುತ್ತುವರಿದಿರುವ ಪಾವಗಡ ತಾಲ್ಲೂಕು ದೊಡ್ಡ ನಗರಗಳಿಂದ ದೂರವಿದ್ದರೂ, ಪಾವಗಡ ಪಟ್ಟಣದಿಂದ ನೋಡಿದರೆ ಹಿಂದೂಪುರ ಸರಿಯಾಗಿ ಆಗ್ನೇಯದಲ್ಲಿದೆ. ಅಲ್ಲಿನ ದೀಪಗಳಿಂದ ಏಳುವ ಮಂಕು ಹಳದಿ ಬೆಳಕಿನ ಗೋಪುರದ ಮೇಲೆಯೇ ಆಕಾಶಗಂಗೆ ಹುಟ್ಟುತ್ತದೆ. ಹಾಗಾಗಿ ಹುಟ್ಟಿದ ಕೂಡಲೇ ಆತುರಪಡದೆ, ಎರಡೂವರೆ ಗಂಟೆ ಕಾದು, ಅದು 30 ಡಿಗ್ರಿ ಮೇಲೆ ಬಂದ ಮೇಲೆ ಫೋಟೋ ತೆಗೆದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅಥವಾ ಆಗ್ನೇಯಕ್ಕೆ ಒಂದು ಕಲ್ಲುಗುಡ್ಡ ಅಡ್ಡವಾಗುವಂತೆ ಜಾಗ ಹುಡುಕಿಕೊಳ್ಳಬೇಕು. ಗುಡ್ಡ ಪಟ್ಟಣದ ಬೆಳಕನ್ನೂ ಮರೆಮಾಡುತ್ತದೆ, ಚಿತ್ರಕ್ಕೆ ಮುನ್ನೆಲೆಯೂ ಆಗುತ್ತದೆ.

ಜಾಗವನ್ನು ಹಗಲಲ್ಲೇ ಒಮ್ಮೆ ಹೋಗಿ ನೋಡಿ ಬರುವುದು ಕಡ್ಡಾಯ. ತಿರುಮಣಿ, ವಳ್ಳೂರುಗಳ ಸುತ್ತ ಸಾವಿರಾರು ಎಕರೆಗಳಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಹಗಲಲ್ಲಿ ಕಣ್ಣಿಗೆ ವಿಶಾಲವಾಗಿ ಕಂಡರೂ, ವಿದ್ಯುತ್ ಉಪಕೇಂದ್ರಗಳ ದೀಪದ ಹತ್ತಿರ ರಾತ್ರಿ ನಿಲ್ಲುವುದರಿಂದ ಪ್ರಯೋಜನವಿಲ್ಲ, ಬೇಲಿಯೊಳಗೆ ಅನುಮತಿಯಿಲ್ಲದೆ ಹೋಗುವಂತೆಯೂ ಇಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಕೃಷ್ಣಮೃಗಗಳಿರುವ ಜಯಮಂಗಲಿ ಹುಲ್ಲುಗಾವಲು ಎಷ್ಟೇ ಆಸೆ ಹುಟ್ಟಿಸಿದರೂ, ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ರಾತ್ರಿ ಅಲ್ಲಿಗೆ ಕಾಲಿಡಬಾರದು. ಕೋಟೆಗಳ ಮೇಲೆ, ಕಲ್ಲುಬೆಟ್ಟಗಳ ಮೇಲೆ ಕತ್ತಲಲ್ಲಿ ಹತ್ತುವುದೂ ಬೇಡ. ನಮ್ಮ ಗುಡ್ಡಗಳಲ್ಲಿ ಕರಡಿ ಮತ್ತು ಚಿರತೆಗಳಿವೆ. ಕಡಲೆಕಾಯಿ ಕಿತ್ತು ಖಾಲಿಯಾದ ಹೊಲ, ಒಂದು ಒಂಟಿ ಹುಣಸೆಮರ, ಹತ್ತಿರದಲ್ಲಿ ಪರಿಚಯದ ರೈತರ ಮನೆ, ಇಷ್ಟು ಇದ್ದರೆ ಹೊಸಬರಿಗೆ ಸಾಕು.

ರೈತರ ಪರಿಚಯ ಮಾಡಿಕೊಳ್ಳಿ ಎಂದು ಹೇಳುವುದಕ್ಕೆ ಕಾರಣವಿದೆ. ನಮ್ಮ ಕಡೆ ಹಳೆಯ ಗುಡಿ, ಕೋಟೆಗಳ ಬಳಿ ರಾತ್ರಿ ಟಾರ್ಚ್ ಹಿಡಿದು ಓಡಾಡುವವರನ್ನು ಕಂಡರೆ ನಿಧಿ ಅಗೆಯಲು ಬಂದವರೆಂಬ ಅನುಮಾನ ಹುಟ್ಟುವುದು ಸಹಜ. ತ್ರೀ ಫೇಸ್ ಕರೆಂಟ್ ರಾತ್ರಿ ಬರುವ ದಿನಗಳಲ್ಲಿ ಮೋಟಾರು ಹಾಕಲು ರೈತರು ಸರಿರಾತ್ರಿಯಲ್ಲೂ ಹೊಲಕ್ಕೆ ಬರುತ್ತಾರೆ. ಒಮ್ಮೆ ಹಾಗೆ ಬಂದ ಹಿರಿಯರೊಬ್ಬರು ದೂರದಿಂದಲೇ ಬ್ಯಾಟರಿ ಬಿಟ್ಟು, "ಯಾರಪ್ಪಾ ಅದು, ಈ ಹೊತ್ನಲ್ಲಿ ಏನ್ ಮಾಡ್ತಿದ್ದೀರಾ?" ಎಂದು ಗದರಿಸಿದ್ದರು. "ನಕ್ಷತ್ರದ ಫೋಟೋ ತೆಗೀತಿದ್ದೀವಿ ಯಜಮಾನ್ರೇ, ಬನ್ನಿ ನೋಡಿ" ಎಂದು ಕ್ಯಾಮೆರಾದ ಪರದೆ ತೋರಿಸಿದಾಗ, ತಮ್ಮ ಹುಣಸೆಮರದ ಹಿಂದೆ ನಿಂತಿದ್ದ ಆಕಾಶಗಂಗೆಯನ್ನು ಬಹಳ ಹೊತ್ತು ನೋಡಿ, ತಲೆಯೆತ್ತಿ ಆಕಾಶವನ್ನೂ ನೋಡಿ, ಮತ್ತೆ ಪರದೆಯನ್ನು ನೋಡಿದರು. ಅಂದಿನಿಂದ ಹಗಲಲ್ಲೇ ಹೋಗಿ ಹೊಲದವರಿಗೆ ಹೇಳಿ, ಒಪ್ಪಿಗೆ ಪಡೆದೇ ರಾತ್ರಿ ಹೋಗುವುದು ನನ್ನ ಪದ್ಧತಿ.

ಸಲಕರಣೆಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಮ್ಯಾನ್ಯುಯಲ್ ಮೋಡ್ ಇರುವ ಯಾವುದೇ ಡಿಎಸ್ಎಲ್ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ 18-55 ಮಿ.ಮೀ. ಲೆನ್ಸ್, ಗಾಳಿಗೆ ಅಲುಗದ ಟ್ರೈಪಾಡ್, ಚಾರ್ಜ್ ಮಾಡಿದ ಎರಡು ಬ್ಯಾಟರಿ, ಕೆಂಪು ಬೆಳಕಿನ ಟಾರ್ಚ್, ಒಂದು ಒಣ ಹತ್ತಿ ಬಟ್ಟೆ. ಕೆಂಪು ಟಾರ್ಚ್ ಇಲ್ಲದಿದ್ದರೆ ಸಾಮಾನ್ಯ ಟಾರ್ಚಿಗೆ ಕೆಂಪು ಗ್ಲಾಸ್‌ಪೇಪರ್ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದರೆ ಆಯಿತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಮೊಬೈಲಿನ ಬಿಳಿ ಬೆಳಕು ಒಮ್ಮೆ ಬಿದ್ದರೆ ಆ ಕಾಯುವಿಕೆ ಮತ್ತೆ ಮೊದಲಿನಿಂದ. ಟ್ರೈಪಾಡ್‌ಗೆ ಮಾತ್ರ ಜುಗ್ಗತನ ಮಾಡಬೇಡಿ. ಪಾವಗಡದ ಬಯಲಿನ ಗಾಳಿಗೆ ಹಗುರ ಟ್ರೈಪಾಡ್ ನಡುಗುತ್ತದೆ; ಕಾಲುಗಳನ್ನು ಪೂರ್ತಿ ಎಳೆಯದೆ, ನಡುಗಂಬಕ್ಕೆ ನೀರಿನ ಬಾಟಲಿಯ ಚೀಲ ತೂಗುಹಾಕಿ ನಿಲ್ಲಿಸಬೇಕು.

ಇನ್ನು ಫೋಕಸ್. ಈ ಬರಹದ ಉಳಿದುದೆಲ್ಲವನ್ನೂ ಮರೆತರೂ ಈ ಭಾಗವನ್ನು ಮಾತ್ರ ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ. ಬೆಳಕು ಕಡಿಮೆಯಾದ ಚಿತ್ರವನ್ನು ಮನೆಯಲ್ಲಿ ಸ್ವಲ್ಪ ಮಟ್ಟಿಗೆ ಸರಿಪಡಿಸಬಹುದು, ಬಣ್ಣ ತಪ್ಪಿದರೂ ಸರಿಪಡಿಸಬಹುದು, ಫೋಕಸ್ ತಪ್ಪಿದ ನಕ್ಷತ್ರವನ್ನು ಯಾರೂ ಸರಿಪಡಿಸಲಾರರು. ಕತ್ತಲಲ್ಲಿ ಆಟೋಫೋಕಸ್ ಕೆಲಸ ಮಾಡುವುದಿಲ್ಲ. ಲೆನ್ಸಿನ ಮೇಲೆ ಮಲಗಿಸಿದ ಎಂಟರಂತೆ ಬರೆದ ಅನಂತದ ಗುರುತನ್ನೂ ನಂಬುವಂತಿಲ್ಲ, ಎಷ್ಟೋ ಲೆನ್ಸುಗಳು ಆ ಗುರುತನ್ನು ದಾಟಿ ಮುಂದಕ್ಕೂ ತಿರುಗುತ್ತವೆ. ಲೆನ್ಸನ್ನು ಮ್ಯಾನ್ಯುಯಲ್ ಫೋಕಸ್‌ಗೆ ಹಾಕಿ, ಲೈವ್ ವ್ಯೂ (ಲೆನ್ಸ್ ಕಾಣುವುದನ್ನು ಪರದೆಯಲ್ಲೇ ತೋರಿಸುವ ವ್ಯವಸ್ಥೆ) ತೆರೆದು, ಆಕಾಶದಲ್ಲಿ ಚೆನ್ನಾಗಿ ಹೊಳೆಯುವ ಒಂದು ನಕ್ಷತ್ರವನ್ನು ಪರದೆಯ ಮಧ್ಯಕ್ಕೆ ತನ್ನಿ. ಶಿವರಾತ್ರಿಯ ಸಂಜೆಯಾದರೆ ಲುಬ್ಧಕ, ಯುಗಾದಿಯ ಬೆಳಗಿನ ಜಾವವಾದರೆ ಕೆಂಪಗೆ ಹೊಳೆಯುವ ಜ್ಯೇಷ್ಠಾ. ಪರದೆಯ ಮೇಲೆ ಆ ನಕ್ಷತ್ರವನ್ನು 10 ಪಟ್ಟು ಹಿಗ್ಗಿಸಿ, ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ನಿಧಾನವಾಗಿ ತಿರುಗಿಸಿ. ಮೊದಲು ಮಸುಕಾದ ಹುರಿಗಡಲೆಯಷ್ಟು ದಪ್ಪವಿದ್ದ ಚುಕ್ಕೆ ರಾಗಿಕಾಳಿನಷ್ಟಾಗಿ, ಕೊನೆಗೆ ಸೂಜಿಮೊನೆಯಷ್ಟಾಗುತ್ತದೆ. ಇನ್ನೂ ತಿರುಗಿಸಿದರೆ ಮತ್ತೆ ಉಬ್ಬುತ್ತದೆ. ಒಮ್ಮೆ ದಾಟಿ, ಹಿಂದಕ್ಕೆ ಬಂದು, ಅತಿ ಚಿಕ್ಕದಾಗಿ ಕಂಡ ಜಾಗದಲ್ಲೇ ನಿಲ್ಲಿಸಿ. ಮಸುಕಿದ ಚುಕ್ಕೆಯ ಅಂಚಿನಲ್ಲಿ ಒಂದು ಕಡೆ ನೇರಳೆ, ದಾಟಿದ ಮೇಲೆ ಹಸಿರು ಬಣ್ಣದ ಛಾಯೆ ಕಾಣಿಸುವುದುಂಟು. ಆ ಎರಡೂ ಮಾಯವಾಗುವ ನಡುವಿನ ಜಾಗವೇ ಸರಿಯಾದ ಫೋಕಸ್. ಕೂಡಲೇ ಫೋಕಸ್ ಉಂಗುರಕ್ಕೂ ಝೂಮ್ ಉಂಗುರಕ್ಕೂ ಸೇರಿಸಿ ಒಂದು ತುಂಡು ಟೇಪ್ ಅಂಟಿಸಿಬಿಡಿ.

ಟೇಪಿನ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಶಿವರಾತ್ರಿಯ ರಾತ್ರಿ ಫೋಕಸ್ ಅಚ್ಚುಕಟ್ಟಾಗಿ ಹಿಡಿದ ಮೇಲೆ ಚೌಕಟ್ಟು ಸರಿಮಾಡಲು ಝೂಮನ್ನು ಸ್ವಲ್ಪವೇ ತಿರುಗಿಸಿದ್ದೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ಬೆಳಗ್ಗೆ ತುಮಕೂರಿಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ 140 ಫೋಟೋಗಳಲ್ಲಿ ಒಂದರಲ್ಲೂ ನಕ್ಷತ್ರ ಚುಕ್ಕೆಯಾಗಿರಲಿಲ್ಲ, ಎಲ್ಲವೂ ಸಣ್ಣ ಬಿಲ್ಲೆಗಳಾಗಿದ್ದವು. ಝೂಮ್ ಬದಲಾದರೆ ಫೋಕಸ್ ಕೂಡ ಬದಲಾಗುತ್ತದೆ. ಆದ್ದರಿಂದ ಚೌಕಟ್ಟನ್ನು ಮೊದಲು, ಫೋಕಸನ್ನು ಆಮೇಲೆ. ಮತ್ತು ಪ್ರತಿ ಅರ್ಧ ಗಂಟೆಗೊಮ್ಮೆ ಒಂದು ಫೋಟೋವನ್ನು ಪೂರ್ತಿ ಹಿಗ್ಗಿಸಿ ನಕ್ಷತ್ರಗಳನ್ನು ಪರೀಕ್ಷಿಸಿ. ಸಂಜೆಯಿಂದ ಬೆಳಗಿನವರೆಗೆ ತಾಪಮಾನ ಇಳಿದಂತೆ ಲೆನ್ಸಿನ ಫೋಕಸ್ ಸರಿಯುವುದೂ ಉಂಟು.

ಉಳಿದ ಹೊಂದಾಣಿಕೆಗಳು ಇದಕ್ಕೆ ಹೋಲಿಸಿದರೆ ಸುಲಭ. ಲೆನ್ಸನ್ನು 18 ಮಿ.ಮೀ.ಗೆ ಇಟ್ಟು, ಬೆಳಕು ಒಳಬರುವ ಕಂಡಿಯಾದ ಅಪರ್ಚರ್ ಅನ್ನು ತೆರೆಯುವಷ್ಟು ತೆರೆದಿಡಿ, ಸಾಮಾನ್ಯ ಲೆನ್ಸಿನಲ್ಲಿ ಅದು ಎಫ್ 3.5 ಆಗಿರುತ್ತದೆ. ಐಎಸ್ಒ 3200ರಿಂದ ಆರಂಭಿಸಿ. ಶಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದಕ್ಕೆ 500ರ ಲೆಕ್ಕವೊಂದು ಬಳಕೆಯಲ್ಲಿದೆ: 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (18 ಮಿ.ಮೀ.ನಂತಹ ಅಂಕೆಯಿಂದ) ಭಾಗಿಸಿದರೆ ಬರುವ ಸೆಕೆಂಡುಗಳು, ನಕ್ಷತ್ರ ಗೆರೆಯಾಗಿ ಕಾಣದಿರಲು ಗರಿಷ್ಠ ಮಿತಿ. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಕ್ಯಾಮೆರಾಗಳಲ್ಲಿ ಫೋಕಲ್ ಲೆಂತ್ ಅನ್ನು ಮೊದಲು 1.5ರಿಂದ, ಕ್ಯಾನನ್ ಆದರೆ 1.6ರಿಂದ ಗುಣಿಸಬೇಕು, 18 ಮಿ.ಮೀ.ಗೆ ಉತ್ತರ 17ರಿಂದ 18 ಸೆಕೆಂಡು ಬರುತ್ತದೆ. ಈ ಲೆಕ್ಕ ಸ್ವಲ್ಪ ಉದಾರವಾದದ್ದು. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 18 ಮಿ.ಮೀ. ಲೆನ್ಸಿಗೆ 15 ಸೆಕೆಂಡಿನಲ್ಲಿಯೇ ನಕ್ಷತ್ರ ಸುಮಾರು 5 ಪಿಕ್ಸೆಲ್ ಉದ್ದದ ಗೆರೆಯಾಗಿರುತ್ತದೆ. ಮೊಬೈಲಿನಲ್ಲಿ ನೋಡಲು ಅದು ತಿಳಿಯುವುದಿಲ್ಲ, ದೊಡ್ಡದಾಗಿ ಮುದ್ರಿಸಿದರೆ ತಿಳಿಯುತ್ತದೆ. ನಾನು 13 ಸೆಕೆಂಡಿಗಿಂತ ಮುಂದೆ ಹೋಗುವುದಿಲ್ಲ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯಂತಹ ಆಕಾಶದ ಸಮಭಾಜಕದ ಮೇಲಿನ ನಕ್ಷತ್ರಗಳು ಹೆಚ್ಚು ವೇಗವಾಗಿಯೂ, ಧ್ರುವದ ಹತ್ತಿರದವು ಬಹಳ ನಿಧಾನವಾಗಿಯೂ ಸರಿಯುವುದರಿಂದ ದಿಕ್ಕಿನ ಮೇಲೂ ಇದು ಅವಲಂಬಿಸಿರುತ್ತದೆ.

ಫೈಲುಗಳನ್ನು ಜೆಪೆಗ್ ಬದಲು ರಾ (ಸೆನ್ಸರ್ ದಾಖಲಿಸಿದ್ದು ಹಾಗೆಯೇ ಉಳಿಯುವ) ರೂಪದಲ್ಲಿಯೇ ಉಳಿಸಿಕೊಳ್ಳಿ. ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ) 4000 ಕೆಲ್ವಿನ್ ಸುಮಾರಿಗೆ ಇರಲಿ. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸೇಶನ್ (ಕೈ ಅದುರನ್ನು ತಗ್ಗಿಸುವ ವ್ಯವಸ್ಥೆ) ಆಫ್ ಮಾಡಬೇಕು, ಬೆರಳಿನ ಅದುರು ತಾಗದಂತೆ 2 ಸೆಕೆಂಡಿನ ಟೈಮರ್ ಹಾಕಬೇಕು. ಪರದೆಯ ಪ್ರಕಾಶವನ್ನು ತಗ್ಗಿಸುವುದನ್ನು ಮರೆಯಬಾರದು, ಏಕೆಂದರೆ ಕತ್ತಲಲ್ಲಿ ಹೊಳೆಯುವ ಪರದೆಯಲ್ಲಿ ಮಂಕು ಫೋಟೋವೂ ಬೆಳ್ಳಗೆ ಕಾಣುತ್ತದೆ. ಕಣ್ಣನ್ನು ನಂಬದೆ ಹಿಸ್ಟೋಗ್ರಾಂ (ಫೋಟೋದಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ; ಅದರ ಗುಡ್ಡೆ ಎಡ ಅಂಚಿಗೆ ಅಂಟಿಕೊಂಡಿರದೆ, ಸುಮಾರು ಕಾಲುಭಾಗದಷ್ಟು ಬಲಕ್ಕೆ ಸರಿದಿದ್ದರೆ ಬೆಳಕು ಸಾಕಷ್ಟಿದೆ ಎಂದರ್ಥ.

ಒಂದೇ ಫೋಟೋದಲ್ಲಿ ಕಾಳುಕಾಳಾದ ನಾಯ್ಸ್ ಇದ್ದೇ ಇರುತ್ತದೆ. ಅದಕ್ಕೆ ಮದ್ದು ದುಬಾರಿ ಕ್ಯಾಮೆರಾ ಕೊಳ್ಳುವುದಲ್ಲ, ಒಂದೇ ದೃಶ್ಯವನ್ನು ಬೆನ್ನುಬೆನ್ನಿಗೆ 16 ಸಲ ತೆಗೆದು ಒಂದರ ಮೇಲೊಂದು ಜೋಡಿಸುವುದು. ಜೋಡಿಸಿದ ಫೋಟೋಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ನಾಯ್ಸ್ ತಗ್ಗುತ್ತದೆ, ಆದ್ದರಿಂದ 16 ಫೋಟೋಗಳಿಗೆ ಅದು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸೀಕ್ವೇಟರ್, ಸಿರಿಲ್ ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡಿಕೊಡುತ್ತವೆ. ಹೊರಡುವ ಮುನ್ನ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್ಒ, ಅದೇ ಸೆಕೆಂಡುಗಳಲ್ಲಿ ಇನ್ನೊಂದು ಹತ್ತು ಕಪ್ಪು ಫೋಟೋಗಳನ್ನು ತೆಗೆದುಕೊಂಡರೆ, ಸೆನ್ಸರಿನ ಬಿಸಿ ಚುಕ್ಕೆಗಳನ್ನು ಕಳೆಯಲು ತಂತ್ರಾಂಶಕ್ಕೆ ಅವು ಬೇಕಾಗುತ್ತವೆ.

ನಕ್ಷತ್ರಗಳು ವೃತ್ತಾಕಾರದ ಗೆರೆಗಳಾಗಿ ಕಾಣುವ ಚಿತ್ರ ಬೇಕಾದವರು ಕ್ಯಾಮೆರಾವನ್ನು ಉತ್ತರಕ್ಕೆ ತಿರುಗಿಸಿ, 30 ಸೆಕೆಂಡಿನ ಫೋಟೋಗಳನ್ನು ನಿಲ್ಲಿಸದೆ 120 ತೆಗೆದು ಜೋಡಿಸಬೇಕು. ಒಂದು ಗಂಟೆಗೆ 15 ಡಿಗ್ರಿಯಷ್ಟು ಕಮಾನು ಸಿಗುತ್ತದೆ. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 14 ಡಿಗ್ರಿ ಮಾತ್ರ ಮೇಲಿರುವುದರಿಂದ ಚಿಕ್ಕ ವೃತ್ತಗಳ ದಾರಿ ಪೂರ್ತಿ ದಿಗಂತದ ಮೇಲೆಯೇ ಇರುತ್ತದೆ, ದೊಡ್ಡವುಗಳ ಕೆಳಭಾಗ ನೆಲದಲ್ಲಿ ಮುಳುಗುತ್ತದೆ. ಕಲ್ಲುಗುಂಡಿನ ತುದಿಯಲ್ಲಿ ಧ್ರುವವನ್ನು ನಿಲ್ಲಿಸಿ ತೆಗೆದರೆ ಈ ಮಿತಿಯೇ ಚಿತ್ರಕ್ಕೆ ಸೊಗಸು ತರುತ್ತದೆ. ಇದನ್ನು ತೆಗೆಯುವಾಗ ಕ್ಯಾಮೆರಾದ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಮಾಡಿರಬೇಕು, ಇಲ್ಲದಿದ್ದರೆ ಗೆರೆಗಳ ನಡುವೆ ತುಂಡುತುಂಡಾಗಿ ಖಾಲಿ ಜಾಗ ಬೀಳುತ್ತದೆ.

ಕ್ಯಾಮೆರಾ ಇಲ್ಲದವರು ಮೊಬೈಲಿನ ಪ್ರೊ ಮೋಡ್‌ನಲ್ಲಿಯೂ ಆರಂಭಿಸಬಹುದು. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಟ್ರೈಪಾಡಿಗೆ ಕಟ್ಟಿ, ಫೋಕಸ್ ಅನಂತಕ್ಕೆ, ಐಎಸ್ಒ 1600ಕ್ಕೆ, ಶಟರ್ 15 ಸೆಕೆಂಡಿಗೆ ಇಟ್ಟರೆ ವೃಶ್ಚಿಕದ ಕೊಂಡಿ ಸ್ಪಷ್ಟವಾಗಿ ಮೂಡುತ್ತದೆ.

ಬಯಲಿನಲ್ಲಿ ರಾತ್ರಿ ಕಳೆಯುವಾಗ ಕಾಲಿಗೆ ಮುಚ್ಚಿದ ಬೂಟು ಇರಲೇಬೇಕು. ಬೇಸಿಗೆಯ ರಾತ್ರಿ ಬಿಸಿಯಾದ ನೆಲದ ಮೇಲೆ ಮಂಡಲದ ಹಾವು, ಚೇಳುಗಳು ಹೊರಬರುತ್ತವೆ. ಚೀಲವನ್ನು ನೆಲದ ಮೇಲೆ ತೆರೆದಿಡದೆ ಗಾಡಿಯ ಮೇಲೋ ಟ್ರೈಪಾಡಿಗೋ ತೂಗುಹಾಕಿ, ಕಲ್ಲು ಎತ್ತುವ ಮೊದಲು ಬೆಳಕು ಬಿಟ್ಟು ನೋಡಿ. ಒಬ್ಬರೇ ಹೋಗಬೇಡಿ. ಡಿಸೆಂಬರ್, ಜನವರಿಗಳಲ್ಲಿ ಬೆಳಗಿನ ಜಾವ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಫೋಟೋಗಳು ಇದ್ದಕ್ಕಿದ್ದಂತೆ ಮಂಜಾಗತೊಡಗಿದರೆ ಮೊದಲು ಅದನ್ನೇ ನೋಡಬೇಕು. ಬಾಯಿಂದ ಊದಿದರೆ ತೇವ ಹೆಚ್ಚುತ್ತದೆ. ಒಣ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ. ಡಿಸೆಂಬರ್ 13 ಮತ್ತು 14ರ ರಾತ್ರಿ ಮಿಥುನ ರಾಶಿಯ ಉಲ್ಕಾವರ್ಷಕ್ಕೆ ಕಾಯುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಹತ್ತು ರಾತ್ರಿಗಳ ಅಭ್ಯಾಸ ಮುಗಿಸಿ ನಿಜವಾದ ಮರುಭೂಮಿಗೆ ಹೊರಟವರಿಗೆ ಬದಲಾಗುವುದು ಕೆಲವು ಸಂಗತಿಗಳು ಮಾತ್ರ. ಥಾರ್‌ನ ಮರಳು ಹಿಟ್ಟಿನಷ್ಟು ನುಣುಪಾಗಿದ್ದು ಲೆನ್ಸಿನ ಉಂಗುರಗಳೊಳಗೆ ಸೇರುವುದರಿಂದ ಅಲ್ಲಿ ಬಯಲಲ್ಲಿ ಲೆನ್ಸ್ ಬದಲಿಸಬಾರದು. ಟ್ರೈಪಾಡಿನ ಕಾಲುಗಳ ಕೆಳಗೆ ಚಪ್ಪಟೆ ಹಲಗೆಗಳನ್ನು ಇಡದಿದ್ದರೆ ಅದು ಫೋಟೋ ತೆಗೆಯುತ್ತಿರುವಾಗಲೇ ಮೆಲ್ಲಗೆ ಕುಸಿಯುತ್ತದೆ. ಹಾನ್ಲೆಯ ಚಳಿಯಲ್ಲಿ ಬ್ಯಾಟರಿ ಬೇಗ ಬತ್ತುತ್ತದೆ, ಬದಲಿ ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿ ಮೈಬಿಸಿಗೆ ತಾಗುವಂತೆ ಇಟ್ಟುಕೊಳ್ಳಬೇಕು. ಅಲ್ಲಿಗೆ ಹೋಗುವ ಮೊದಲು ಲೇಹ್‌ನಲ್ಲಿ ಕೆಲವು ದಿನ ತಂಗಿ ದೇಹವನ್ನು ಎತ್ತರಕ್ಕೆ ಹೊಂದಿಸಿಕೊಳ್ಳಬೇಕು. ಫೋಕಸ್ ಹಿಡಿಯುವ ಕ್ರಮ, ಸೆಕೆಂಡಿನ ಲೆಕ್ಕ, ಹಿಸ್ಟೋಗ್ರಾಂ ಎಲ್ಲವೂ ಪಾವಗಡದಲ್ಲಿ ಕಲಿತದ್ದೇ.

ಮನೆಗೆ ಬಂದು ಫೋಟೋ ತಿದ್ದುವಾಗ ಕೈಯನ್ನು ಹಿಡಿತದಲ್ಲಿಡುವುದು ಕಷ್ಟ. ಡಾರ್ಕ್‌ಟೇಬಲ್‌ನಂತಹ ಉಚಿತ ತಂತ್ರಾಂಶದಲ್ಲಿ ಮೊದಲು ಬಣ್ಣದ ಸಮತೋಲ ಸರಿಮಾಡಿ, ಆಕಾಶಗಂಗೆಯ ಕಪ್ಪು ಧೂಳಿನ ಪಟ್ಟೆಗಳು ಕಾಣುವಷ್ಟು ಮಾತ್ರ ಕಾಂಟ್ರಾಸ್ಟ್ ಏರಿಸಿ. ಇಡೀ ಆಕಾಶವನ್ನು ನೇರಳೆ ಮಾಡುವ ರೂಢಿ ಈಗ ಬಹಳವಾಗಿದೆ, ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಬಯಲಿನ ಆಕಾಶ ಬೂದು ಬೆರೆತ ನೀಲಿ, ಆಕಾಶಗಂಗೆಯ ನಡುಭಾಗ ಬೆಲ್ಲದ ಬಣ್ಣಕ್ಕೆ ತಿರುಗಿದ ಹಳದಿ. ತಿದ್ದಿದ ಚಿತ್ರವನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ರಾ ಫೈಲುಗಳನ್ನು ಅಳಿಸದೆ ಇನ್ನೊಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಫೋಲ್ಡರಿನ ಹೆಸರಿನಲ್ಲಿ ದಿನಾಂಕ, ತಿಥಿ, ಊರು, ಕ್ಯಾಮೆರಾ ನೋಡಿದ ದಿಕ್ಕು ಇಷ್ಟನ್ನು ಬರೆದಿಡಿ. ಮುಂದಿನ ವರ್ಷ ಅದೇ ಅಮಾವಾಸ್ಯೆಗೆ ಅದೇ ಹೊಲಕ್ಕೆ ಹೊರಡುವಾಗ ಎಷ್ಟು ಗಂಟೆಗೆ, ಯಾವ ಕಡೆ ಟ್ರೈಪಾಡ್ ನಿಲ್ಲಿಸಬೇಕೆಂಬುದು ಅದರಿಂದಲೇ ತಿಳಿಯುತ್ತದೆ.